ಬೆಲೆ ಕಟ್ಟುವವನು ಬರುತ್ತಾನೆಂದು

“ಕಾಲು ತೆಗಿಯೇ ಮುಂಡೇದೆ. ಹೊಸ್ತಿಲ ಮೇಲೆ ಕೂತ್ಕೊಂಡ್ರೆ ಮನೆ ನಿಂದಾಗ್ಬಿಡುತ್ತಾ? ನಿಮ್ಮಪ್ಪ ಕಟ್ಟಿಸಿದ್ನಾ ಇದನ್ನ?”

“ನಮ್ಮಪ್ಪ ಕಟ್ಟಿಸ್ಲಿಲ್ಲ. ನಿಮ್ಮಪ್ಪನೂ ಕಟ್ಟಿಸ್ಲಿಲ್ಲ. ಬಾಡಿಗೆ ಎತ್ತೋಕೆ ಬಂದಿದ್ದೀಯ, ಎತ್ಕೊಂಡು ಹೋಗು. ಬೊಗಳಬೇಡ.”

ಹೀಗಂದವಳು ನಾನೇ. ಅಂದ ಮೇಲೆ ಮ್ಯಾನೇಜರ್ ಸುಮ್ಮನೆ ಹೋಗುವವನಲ್ಲ ಎಂದು ಗೊತ್ತಿದ್ದೇ ಅಂದೆ. ಅವನ ಬೂಟು ನನ್ನ ಮೊಣಕಾಲಿಗೆ ಬಿತ್ತು. ಇನ್ನೊಂದು ಏಟಿಗೆ ನೀರು ತುಂಬಿದ ಬಿಂದಿಗೆ ಉರುಳಿ ಒಳಗಿನ ಹಾಸಿಗೆಯವರೆಗೂ ನೀರು ಹರಿಯಿತು. ನಾನು ಎದ್ದು ಅವನ ಅಂಗಿ ಹಿಡಿದೆ. ಅವನು ನನ್ನ ಕೆನ್ನೆಗೆ ಹೊಡೆದ. ಕೈ ಹಿಡಿತ ಬಿಡಲಿಲ್ಲ ನಾನು, ಅಂಗಿಯ ಗುಂಡಿ ಕಿತ್ತು ಕೈಗೆ ಬಂತು.

ಹಳೆಯ ಗೋದಾಮಿನ ಬೆನ್ನಿಗೆ ಆತು ನಿಂತ ಸಾಲುಮನೆ ನಮ್ಮದು. ಒಂದೇ ಉದ್ದನೆಯ ಮಾಡು, ಕೆಳಗೆ ಒಂದರ ಪಕ್ಕ ಒಂದು ಕೋಣೆ. ಈ ತುದಿಯಲ್ಲಿ ನಾನು ಮತ್ತು ಗಾರೆ ಕೆಲಸದ ನನ್ನ ಗಂಡ. ಆ ತುದಿಯಲ್ಲಿ ಟೈಲರ್ ಮಾವ. ಮಧ್ಯದಲ್ಲಿ ಇಸ್ತ್ರಿಯವಳು, ಗಾಡಿ ತಳ್ಳುವವರು, ಇನ್ನೊಬ್ಬರ ಮನೆಯ ಪಾತ್ರೆ ತೊಳೆಯುವವರು. ಮಾಲೀಕನನ್ನು ನಾವು ಕಂಡವರಲ್ಲ. ಅವನ ಬದಲಿಗೆ ಈ ಮ್ಯಾನೇಜರನ ಬೂಟನ್ನು ಕಂಡವರು.

ಕೂಗು ಕೇಳಿ ಟೈಲರ್ ಮಾವ ಓಡಿಬಂದ. ಕೊರಳಲ್ಲಿ ಅಳತೆ ಟೇಪು, ಕಿವಿಯ ಮೇಲೆ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದ ತುಂಡು. ಸಾಲಿಗೆಲ್ಲ ಅವನು ಮಾವನೇ. ನನಗೆ ಒಂದು ಕೈ ಹೆಚ್ಚು, ಅವನ ಮಗಳನ್ನು ನನ್ನ ಅಣ್ಣನಿಗೆ ಕೊಟ್ಟಿದೆ.

“ಮ್ಯಾನೇಜರ್ ಸಾಹೇಬ್ರೆ, ಸ್ವಲ್ಪ ನಿಲ್ಲಿ, ಅಳತೆ ತಗೋತೀನಿ. ನಿಮ್ಮ ಕಾಲು ಬಹಳ ಉದ್ದ ಆಗಿಬಿಟ್ಟಿದೆ. ಇರೋ ಪ್ಯಾಂಟು ಸಾಲಲ್ಲ.”

ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರ್ ನಗಲಿಲ್ಲ. ಮಾವನ ಕೊರಳಿನ ಟೇಪಿನ ಎರಡೂ ತುದಿ ಸೇರಿಸಿ ಹಿಡಿದು ಬಿಗಿದ, ನಾಯಿಯನ್ನು ಎಳೆಯುವಂತೆ ಅಂಗಳದ ಮಧ್ಯಕ್ಕೆ ಎಳೆದ. ಮುದುಕ ಮಂಡಿಯೂರಿ ಬಿದ್ದ. ಮುಖ ಕೆಂಪಾಗಿ, ಆಮೇಲೆ ಕಪ್ಪಾಯಿತು.

“ಇನ್ನೊಂದ್ಸಲ ಹೇಳು, ಯಾರ ಕಾಲು ಉದ್ದ? ಈ ಜಾಗ ಮಾರಾಟ ಆಗ್ತಿದೆ ಕಣ್ರೋ ದರಿದ್ರ ಮುಂಡೇವ. ಖಾಲಿ ಮಾಡಿ ಅಂದ್ರೆ ಕೋರ್ಟು ಕಾನೂನು ಅಂತೀರಾ?”

“ಅಂತೀವಿ,” ಎಂದ ಮಾವ, ಗಂಟಲಿನಿಂದ ಗಾಳಿ ಬಂದಷ್ಟು. “ಮಾರ್ಕೊಳ್ಳಿ ಯಾರಿಗೆ ಬೇಕಾದ್ರೂ. ಗೋಡೆ ನಿಂತಿರೋವರೆಗೂ ಒಳಗಿರೋರನ್ನ ಎಬ್ಬಿಸ್ಬಾರ್ದು ಅಂತ ಕೋರ್ಟಿನಲ್ಲೇ ಹೇಳಿದ್ದಾರೆ.”

ನನ್ನ ಗಂಡ ಕೆಲಸದಿಂದ ಬಂದದ್ದು ಆಗಲೇ. ಕೈಯಲ್ಲಿ ಕರಣೆ ಇತ್ತು, ಗಾರೆ ಇನ್ನೂ ಒಣಗಿರಲಿಲ್ಲ. ಬಂದವನೇ ಮ್ಯಾನೇಜರನ ಎದುರು ನಿಂತ. ಮ್ಯಾನೇಜರ್ ಕರಣೆ ನೋಡಿದ, ಟೇಪು ಬಿಟ್ಟ, ಉಗಿದ, ಹೋದ.

ಮಾವ ಕುತ್ತಿಗೆ ಸವರಿಕೊಳ್ಳುತ್ತ ಟೇಪನ್ನು ಬೆಳಕಿಗೆ ಹಿಡಿದು ನೋಡಿದ. “ಎಳೆದು ಎಳೆದು ಉದ್ದ ಮಾಡಿಟ್ಟ ಬೋಳಿಮಗ. ಇನ್ಮೇಲೆ ಎಲ್ಲರ ಅಂಗಿನೂ ದೊಗಳೆ ಆಗುತ್ತೆ.”

*

ಬಿಡುವಿನ ದಿನ ಅಣ್ಣ ಬಂದ. ಸೊಂಟದ ಬಳೆಯಲ್ಲಿ ಗೊಂಚಲು ಗೊಂಚಲು ಕೀಲಿ ನೇತಾಡಿಸಿಕೊಂಡು ಓಡಾಡುವ ಅವನನ್ನು ಊರೆಲ್ಲ ಬೀಗದಕೈ ಅನ್ನುತ್ತದೆ. ಖಾಲಿ ಮನೆ ತೋರಿಸುವ, ಕೊಡಿಸುವ, ಮಾರಿಸುವ ದಲ್ಲಾಳಿ. ಅವನೂ ಇದೇ ಸಾಲಿನಲ್ಲಿ ಹುಟ್ಟಿದವನು. ಈಗ ದೊಡ್ಡ ರಸ್ತೆಯ ಆಚೆ ಸ್ವಂತ ಮನೆ ಕಟ್ಟಿದ್ದಾನೆ. ಆ ಮನೆಯ ಗೋಡೆಗಳಿಗೆ ಗಾರೆ ಎಳೆದವನು ನನ್ನ ಗಂಡ. ಕೂಲಿಯ ಮಾತು ಅವನೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ, ಸಂಬಂಧವಲ್ಲವೇ.

ಟೈಲರ್ ಮಾವನ ಕೋಣೆಯಲ್ಲಿ ಸಾಲಿನವರೆಲ್ಲ ಸೇರಿದರು. ಮಾವನ ಕತ್ತಿನ ಕೆಂಪು ಗೆರೆ ನೋಡಿ ಅಣ್ಣ ಲೊಚಗುಟ್ಟಿದ.

“ನಿಮಗೆ ಯಾರು ಏನು ಅಂತಾನೇ ಗೊತ್ತಿಲ್ಲ ಮಾವ. ಪ್ಯಾಂಟು ಹಾಕ್ಕೊಂಡು ಬಂದೋರನ್ನೆಲ್ಲ ಒಂದೇ ಅಂದ್ಕೊಂಡು ಜಗಳ ಆಡ್ತೀರ. ಈ ವ್ಯವಹಾರದಲ್ಲಿ ಒಬ್ಬೊಬ್ಬಂದು ಒಂದೊಂದು ಕೆಲಸ.”

ಅವನು ಮಾವನ ಹೊಲಿಗೆ ಪೆಟ್ಟಿಗೆ ಎಳೆದು, ಒಳಗಿದ್ದುದನ್ನು ಒಂದೊಂದಾಗಿ ಹೊರಗೆ ತೆಗೆದು ಮಿಷನ್ನಿನ ಹಲಗೆಯ ಮೇಲೆ ಇಟ್ಟ. ಮಕ್ಕಳಿಗೆ ಆಟ ಕಲಿಸುವವನಂತೆ.

“ಈ ಟೇಪು ಇದೆಯಲ್ಲ, ಇವನು ಸರ್ವೆಯವನು. ಜಾಗ ಎಲ್ಲಿಂದ ಎಲ್ಲೀವರೆಗೆ ಅಂತ ಅಳೀತಾನೆ, ಹೋಗ್ತಾನೆ. ನಿಮ್ಮ ಮುಖಾನೂ ನೋಡಲ್ಲ. ಇಸ್ತ್ರಿ ಪೆಟ್ಟಿಗೆ, ಇವನು ಮ್ಯಾನೇಜರ್. ಮಾಲೀಕ ಬಿಸಿ ಮಾಡಿದಷ್ಟೂ ಸುಡ್ತಾನೆ, ಅವನಾಗಿ ಅವನಿಗೆ ಏನೂ ಇಲ್ಲ. ಕತ್ತರಿ, ಇವನು ಬಿಲ್ಡರ್. ಹಳೇದು ಕತ್ತರಿಸಿ ಹೊಸದು ಮಾಡೋನು. ಇನ್ನು ಈ ಸೂಜಿ.”

“ಸೂಜಿ ನೀನು,” ಎಂದ ಮಾವ.

“ನಾನೇ. ಎರಡು ತುಂಡು ಕೂಡಿಸ್ತೀನಿ, ಅಷ್ಟೆ. ಸೂಜಿ ಯಾವ ಬಟ್ಟೇಲೂ ಉಳಿಯಲ್ಲ ಮಾವ. ಹೊಲಿದು ಹೊರಗೆ ಬರುತ್ತೆ.”

“ಬರೋವಾಗ ಚುಚ್ಚುತ್ತೆ,” ಎಂದಳು ಇಸ್ತ್ರಿಯವಳು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ.

“ಒಂದು ಹೆಣ ಹೊರೋಕೆ ನಾಲ್ಕು ಜನ ಸಾಕು,” ಮಾವ ಹೇಳಿದ. “ಒಂದು ಮನೆ ಮಾರೋಕೆ ಇಷ್ಟು ಜನ ಬೇಕೇನಪ್ಪಾ?”

ಅಣ್ಣ ಕೊನೆಗೆ ಸೀಮೆಸುಣ್ಣದ ತುಂಡು ಎತ್ತಿ ಹಿಡಿದ. “ಇವನು ಮುಖ್ಯ. ಬೆಲೆ ಕಟ್ಟೋನು. ತಗೊಳ್ಳೋರ ಕಡೆಯಿಂದ ಬರ್ತಾನೆ. ಗೋಡೆ ನೋಡ್ತಾನೆ, ಮಾಡು ನೋಡ್ತಾನೆ, ಇಷ್ಟು ಬೆಲೆ ಅಂತ ಗೆರೆ ಎಳೀತಾನೆ. ಆ ಗೆರೆ ಮೇಲೆ ಕತ್ತರಿ ಓಡುತ್ತೆ. ಮುಂದಿನ ವಾರ ಅವನು ಇಲ್ಲಿಗೆ ಬರ್ತಿದ್ದಾನೆ.”

“ಬಂದ್ರೆ?”

“ಬಂದಾಗ ಈ ಸಾಲುಮನೆ ಬೀಳೋ ಹಾಗೆ ಕಾಣ್ಬೇಕು. ಬಿರುಕು, ತೇವ, ಉದುರೋ ಗಾರೆ. ಇದೇನು ಹಾಳು ಕೊಂಪೆ ಅಂತ ಅವನು ಬೆಲೆ ಇಳಿಸ್ಬೇಕು. ಇಳಿಸಿದ ಬೆಲೆಗೆ ಮಾಲೀಕ ಕೊಡಲ್ಲ, ದೊಡ್ಡ ಆಸೆಬುರುಕ ಅವನು. ಮಾರಾಟ ಮುರಿಯುತ್ತೆ. ನೀವು ಇಲ್ಲೇ ಇರ್ತೀರ. ಬೀಳಿಸ್ಬೇಡಿ ಮತ್ತೆ. ಬೀಳೋ ಹಾಗೆ ಕಾಣಿಸಿ ಅಷ್ಟೆ.” ಅವನು ನನ್ನ ಗಂಡನ ಕಡೆ ನೋಡಿದ. “ಏನ್ ಮೇಸ್ತ್ರಿ, ಆಗುತ್ತಾ?”

ನನ್ನ ಗಂಡ ಗೋಡೆಯ ಮೇಲೆ ಅಂಗೈ ಇಟ್ಟು ತಟ್ಟಿ ನೋಡಿದ. ಅವನ ತುಟಿಯ ಮೇಲೆ ನಗು ಬಂದದ್ದು ನನಗೆ ಕಾಣಿಸಿತು. ಜೀವಮಾನವೆಲ್ಲ ಬಿರುಕು ಮುಚ್ಚಿದವನು.

“ಅದನ್ನ ನನ್ನ ಕೈಗೆ ಬಿಡಿ ಭಾವ,” ಎಂದ.

ಅಣ್ಣ ಎದ್ದುಹೋದ ಮೇಲೆ ಮಾವ ತನ್ನ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬಿಕೊಂಡ. ತಳದಲ್ಲಿ ಹೊಲಿಗೆ ಬಿಚ್ಚುವ ಬ್ಲೇಡು ಇತ್ತು. ಅಣ್ಣ ಅದನ್ನು ಹೊರಗೆ ತೆಗೆದಿರಲಿಲ್ಲ. ಆಗ ಯಾರಿಗೂ ಅದರ ಯೋಚನೆ ಬರಲಿಲ್ಲ.

*

ನಮ್ಮ ಮನೆಗಳನ್ನು ನಾವೇ ಒಡೆದೆವು.

ನನ್ನ ಗಂಡ ಉಳಿ ಸುತ್ತಿಗೆ ಹಿಡಿದು ಒಂದೊಂದು ಕೋಣೆಗೂ ಹೋದ. ಸುಮ್ಮನೆ ಕುಟ್ಟಿದರೆ ಆಗುವುದಿಲ್ಲ. ಗೋಡೆ ತಾನಾಗಿ ಸೀಳುವುದು ಕಿಟಕಿಯ ಮೂಲೆಯಿಂದ, ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ. ಅವನು ಹಾಗೇ ಎಳೆದ. ಮೇಲೆ ಅಗಲ, ಕೆಳಗೆ ಬರುತ್ತ ಕೂದಲೆಳೆ. ಹೊಸ ಬಿರುಕಿನ ಬಾಯಿ ಬೆಳ್ಳಗಿರುತ್ತದೆ, ನೋಡಿದವನಿಗೆ ತಕ್ಷಣ ಗೊತ್ತಾಗುತ್ತದೆ. ಅದಕ್ಕೆ ಹೆಂಗಸರು ಒಲೆಯ ಮಸಿಯನ್ನೂ ಟೀ ಸೋಸಿದ ಚರಟವನ್ನೂ ಬೆರೆಸಿ ಹಳೆ ಬಟ್ಟೆಯಲ್ಲಿ ಒತ್ತಿ ಒತ್ತಿ ಉಜ್ಜಿದೆವು. ಜೇಡರ ಬಲೆ ತಂದು ಅಂಟಿಸಿದೆವು. ಗಾಡಿಯವನು ಮಾಡಿನ ಮೇಲೆ ಹತ್ತಿ ಕೊಡ ಕೊಡ ನೀರು ಹೊಯ್ದ. ಒಳಗಿನ ಗೋಡೆಯಲ್ಲಿ ತೇವ ಇಳಿದು ನಕ್ಷೆಯ ಹಾಗೆ ಹರಡಿಕೊಂಡಿತು.

“ನಮ್ಮನೆ ಬಿರುಕು ಚೆನ್ನಾಗಿಲ್ಲ,” ಎಂದು ಇಸ್ತ್ರಿಯವಳು ಮುನಿಸಿಕೊಂಡಳು. “ಪಕ್ಕದವಳಿಗೆ ಮಾತ್ರ ದೊಡ್ಡದು ಎಳೆದುಕೊಟ್ಟೆ. ಅವಳ ಮೇಲೆ ಕಣ್ಣು ನಿಂಗೆ.”

“ನಿನ್ನ ಬಾಯಿಗಿಂತ ದೊಡ್ಡ ಬಿರುಕು ಎಲ್ಲಿಂದ ತರ್ಲಿ ತಾಯಿ,” ಎಂದ ನನ್ನ ಗಂಡ. ಅವಳು ಒದ್ದೆ ಬಟ್ಟೆ ಎಸೆದಳು.

ಅಷ್ಟು ನಕ್ಕಿದ್ದು ನಾವು ಎಷ್ಟೋ ವರ್ಷಗಳ ಮೇಲೆ. ಟೈಲರ್ ಮಾವ ಒಬ್ಬನೇ ನಗಲಿಲ್ಲ. ಅವನ ಕೋಣೆಗೆ ಉಳಿ ತಂದಾಗ ಗೋಡೆಗೆ ಬೆನ್ನು ಕೊಟ್ಟು ನಿಂತ.

“ಇದು ಸುಣ್ಣದ ಗಾರೆ ಗೋಡೆ ಕಣೋ. ನೀನು ಹುಟ್ಟೋಕೆ ಮುಂಚೆ ಎದ್ದು ನಿಂತದ್ದು. ಇದಕ್ಕೆ ಉಳಿ ಹಾಕ್ತೀಯಾ?”

“ಮೇಲೆ ಮೇಲೆ ಮಾವ. ಒಳಗೆ ಏನೂ ಆಗಲ್ಲ. ಆಮೇಲೆ ನಾನೇ ಮುಚ್ಚಿಕೊಡ್ತೀನಿ.”

“ಬಟ್ಟೆ ಹರಿದ್ರೆ ನಾನು ಹೊಲೀತೀನಿ. ಗೋಡೆ ಹರಿದ್ರೆ ಹೊಲಿಯೋರು ಯಾರೋ?”

“ನಾನಿಲ್ವಾ?”

ಮಾವ ಅವನ ಮುಖ ನೋಡಿದ, ಅವನ ಕೈ ನೋಡಿದ. ಆಮೇಲೆ ಗೋಡೆ ಬಿಟ್ಟು ಸರಿದು ಮಿಷನ್ನಿನ ಮುಂದೆ ಕೂತು ಪೆಡಲ್ ತುಳಿಯತೊಡಗಿದ. ಉಳಿಯ ಸದ್ದು ಮುಗಿಯುವವರೆಗೂ ತಲೆ ಎತ್ತಲಿಲ್ಲ. “ಅಳಿಯ ಹೇಳಿದ್ದಾನೆ ಅಂತ ಬಿಟ್ಟೆ,” ಎಂದು ಮಾತ್ರ ಅಂದ. ಆಮೇಲೆ ನೋಡಿದರೆ ಮಿಷನ್ನಿಗೆ ದಾರವೇ ಹಾಕಿರಲಿಲ್ಲ.

*

ಬಂದವನು ತೆಳ್ಳಗಿನ ಮನುಷ್ಯ. ಕೈಯಲ್ಲಿ ಸಣ್ಣ ಸುತ್ತಿಗೆ, ಟಾರ್ಚು. ಹಿಂದೆ ಮ್ಯಾನೇಜರ್ ಕೈಕಟ್ಟಿ ನಿಂತಿದ್ದ. ಅವತ್ತು ಅವನು ಒಂದು ಬೈಗುಳವನ್ನೂ ಆಡಲಿಲ್ಲ, ನಮಗೆ ಅಲ್ಲೇ ಅನುಮಾನ ಬರಬೇಕಾಗಿತ್ತು.

ಎಷ್ಟು ಸಂಭ್ರಮದಿಂದ ತೋರಿಸಿದೆವು. ಗಾಡಿಯವನು ಏಣಿ ಹಿಡಿದ. ಇಸ್ತ್ರಿಯವಳು ಬಂದವನ ತೋಳು ಹಿಡಿದೇ ಎಳೆದುಕೊಂಡು ಹೋದಳು. “ಇಲ್ಲಿ ನೋಡಿ ಸಾರ್, ಕೈ ಹೋಗುತ್ತೆ ಒಳಗೆ.” “ಇಲ್ಲಿ ತೇವ ನೋಡಿ ಸಾರ್, ಹಾಸಿಗೆಯೆಲ್ಲ ಒದ್ದೆ.” ಅವನು ಸುತ್ತಿಗೆಯಿಂದ ತಟ್ಟಿದ, ಬಿರುಕಿನ ಪಟ ತೆಗೆದುಕೊಂಡ.

“ಮಲಗೋವಾಗ ಭಯ ಆಗಲ್ವೇನಮ್ಮ?” ಎಂದು ನನ್ನನ್ನು ಕೇಳಿದ.

“ಆಗ್ದೆ ಇರುತ್ತಾ ಸಾರ್. ಯಾವಾಗ ಮೈಮೇಲೆ ಬೀಳುತ್ತೋ ಅಂತ ಜೀವ ಕೈಲಿ ಹಿಡ್ಕೊಂಡಿರ್ತೀವಿ.” ನನ್ನ ಸ್ವಂತ ಬಾಯಿಂದ ಹೇಳಿದೆ. ಉಳಿದವರೂ ಹೇಳಿದರು. ಅವನ ಫೋನಿನಲ್ಲಿ ಎಲ್ಲರ ಮಾತೂ ದಾಖಲಾಯಿತು.

ಮಾವ ನನ್ನ ಕಿವಿಯ ಹತ್ತಿರ ಬಂದ. “ಏನೇ, ಬೆಲೆ ಕಟ್ಟೋನು ಅಂದ್ಮೇಲೆ ನೆಲ ಅಳೀಬೇಕಲ್ವಾ? ಇವನು ಟೇಪೇ ತೆಗೀಲಿಲ್ಲ.”

ಅಷ್ಟರಲ್ಲಿ ಆ ಮನುಷ್ಯ ಚೀಲದಿಂದ ಕೆಂಪು ಬಣ್ಣದ ಡಬ್ಬಿ ತೆಗೆದ. ಒಂದೊಂದು ಬಾಗಿಲ ಮೇಲೂ ಅಡ್ಡ ಎರಡು ಗೀಟು ಎಳೆದ.

“ಬೆಲೆ ಎಷ್ಟಾಯ್ತು ಸಾರ್?” ಎಂದ ನನ್ನ ಗಂಡ.

“ಯಾವ ಬೆಲೆ? ನಾನು ಬೆಲೆ ಕಟ್ಟೋನಲ್ಲಪ್ಪ. ಕಟ್ಟಡ ನಿಲ್ಲುತ್ತೋ ಬೀಳುತ್ತೋ ನೋಡೋ ಇಂಜಿನಿಯರ್. ಇದು ಅಪಾಯದ ಕಟ್ಟಡ. ಇದರಲ್ಲಿ ಜನ ಇರೋ ಹಾಗಿಲ್ಲ.”

ಮಾವ ನೆಲದ ಮೇಲೆ ಕೂತುಬಿಟ್ಟ.

“ಬ್ಲೇಡು,” ಎಂದ. “ಹೊಲಿಗೆ ಬಿಚ್ಚೋ ಬ್ಲೇಡು. ಅಳಿಯ ಅದೊಂದನ್ನ ಪೆಟ್ಟಿಗೆಯಿಂದ ತೆಗೀಲೇ ಇಲ್ಲ.”

ನನ್ನ ಗಂಡ ಇಂಜಿನಿಯರನ ಕೈ ಹಿಡಿದುಕೊಂಡ. “ಸುಳ್ಳು ಬಿರುಕು ಸಾರ್ ಇವೆಲ್ಲ. ನಾನೇ ಎಳೆದದ್ದು. ಬನ್ನಿ ಕೆರೆದು ತೋರಿಸ್ತೀನಿ, ಮಸಿ ಬರುತ್ತೆ. ಒಳಗೆ ಗೋಡೆ ಕಲ್ಲಿನ ಹಾಗಿದೆ.”

ಆಗ ಮ್ಯಾನೇಜರ್ ಬಾಯಿ ಬಿಟ್ಟ. ಅಷ್ಟು ಮೆತ್ತಗೆ ಅವನು ಮಾತಾಡಿದ್ದು ನಾನು ಕೇಳಿರಲಿಲ್ಲ.

“ನೀನೇ ಒಡೆದ್ಯಾ? ಮಾಲೀಕರ ಕಟ್ಟಡಾನ? ಇನ್ನೊಂದ್ಸಲ ಹೇಳಪ್ಪ, ಫೋನಿಗೆ ಸರಿಯಾಗಿ ಕೇಳಲಿ. ಇವತ್ತೇ ಒಳಗೆ ಹಾಕಿಸ್ತೀನಿ.”

ಹೌದೆಂದರೆ ಜೈಲು, ಅಲ್ಲವೆಂದರೆ ಬೀದಿ. ಇಂಜಿನಿಯರ್ ಕೈ ಬಿಡಿಸಿಕೊಂಡು ಕರವಸ್ತ್ರದಿಂದ ಒರೆಸಿಕೊಂಡ.

“ನನ್ನ ಕೆಲಸ ಕಣ್ಣಿಗೆ ಕಂಡಿದ್ದು ಬರೆಯೋದಷ್ಟೆ,” ಎಂದು ಹೇಳಿ ಹೋದ.

ಅವತ್ತೆಲ್ಲ ನಾವು ಅಣ್ಣನ ಮನೆ ಬಾಗಿಲು ಬಡಿದೆವು. ಅವನಿಲ್ಲ ಎಂದರು. ಫೋನು ಎತ್ತಲಿಲ್ಲ. ಅತ್ತಿಗೆ ಕಿಟಕಿಯಿಂದ ಮುಖ ತೋರಿಸಿ, “ಯಾವುದೋ ಮನೆ ತೋರ್ಸೋಕೆ ಹೋಗಿದ್ದಾರೆ, ಬಂದ ತಕ್ಷಣ ಕಳಿಸ್ತೀನಿ,” ಅಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಅಪ್ಪನಿಗೆ ಕೊಡು ಎಂದು ಒಂದು ಡಬ್ಬಿಯಲ್ಲಿ ಊಟ ಕಟ್ಟಿಕೊಟ್ಟಳು.

*

ಬೆಳಗಿನ ಹೊತ್ತು, ಒಲೆ ಹಚ್ಚುವ ಮೊದಲೇ ಬಂದರು. ಪೊಲೀಸರು ಬೀದಿಯ ಬಾಯಿಯಲ್ಲಿ ನಿಂತರು. ಬಿಲ್ಡರನ ಕಪ್ಪಂಗಿಯ ಗಂಡಸರು ಒಳಗೆ ನುಗ್ಗಿದರು. ಹಿಂದೆ ಹಳದಿ ಯಂತ್ರ, ಉದ್ದನೆಯ ಕಬ್ಬಿಣದ ತೋಳು, ತುದಿಯಲ್ಲಿ ಹಲ್ಲು.

ಪಾತ್ರೆ, ಹಾಸಿಗೆ, ಕೂಸು, ಎಲ್ಲವನ್ನೂ ಒಂದೇ ರೀತಿ ಹೊರಗೆ ಹಾಕಿದರು. ಇಸ್ತ್ರಿಯವಳನ್ನು ಜಡೆ ಹಿಡಿದು ಎಳೆದರು. ಅವಳು ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನು ಎಳೆದವನ ಮುಖಕ್ಕೆ ಬೀಸಿದಳು. ಅವನು ಚೀರಿ ಬಿದ್ದ. ಇನ್ನಿಬ್ಬರು ಅವಳ ಹೊಟ್ಟೆಗೆ ಒದ್ದರು, ಅವಳು ಸುರುಟಿಕೊಳ್ಳುವವರೆಗೂ ಒದ್ದರು. ಪೊಲೀಸರು ಬೇರೆ ಕಡೆ ನೋಡಿದರು.

ಯಂತ್ರ ನಮ್ಮ ತುದಿಯಿಂದ ಶುರು ಮಾಡಿತು. ತೋಳು ಎತ್ತಿ ನನ್ನ ಗೋಡೆಗೆ ಹೊಡೆಯಿತು. ಧೂಳು ಎದ್ದಿತು. ಗೋಡೆ ನಿಂತಿತ್ತು. ಮತ್ತೆ ಹೊಡೆಯಿತು. ಗಾರೆ ಚಕ್ಕೆ ಉದುರಿತು, ಗೋಡೆ ನಿಂತಿತ್ತು. ಯಂತ್ರದವನು ಇಂಜಿನ್ ನಿಲ್ಲಿಸಿ ಇಣುಕಿದ.

“ಇದಕ್ಕೆ ಯಾರಪ್ಪ ಅಪಾಯ ಅಂತ ಬರೆದದ್ದು? ನನ್ನ ಯಂತ್ರಕ್ಕೇ ಅಪಾಯ ಇದು.”

ಆ ತುದಿಯಿಂದ ನಗು ಕೇಳಿಸಿತು. ಟೈಲರ್ ಮಾವ ತನ್ನ ಬಾಗಿಲಲ್ಲಿ ನಿಂತಿದ್ದ. ಕೊರಳಲ್ಲಿ ಟೇಪು, ಕೈಯಲ್ಲಿ ಕತ್ತರಿ.

“ನಿಂತಿದೆ. ಎಲ್ಲರೂ ನೋಡ್ಕೊಳ್ಳಿ, ಗೋಡೆ ನಿಂತಿದೆ. ಪೊಲೀಸಪ್ಪಗಳೇ, ಈ ಕಡೆ ತಿರುಗಿ ನೋಡಿ ಸ್ವಲ್ಪ. ಗೋಡೆ ನಿಂತಿರೋವರೆಗೂ ನಮ್ಮನ್ನ ಎಬ್ಬಿಸ್ಬಾರ್ದು ಅಂತ ಕೋರ್ಟಿನಲ್ಲಿ ಹೇಳಿದ್ದಾರೆ.”

ಒಬ್ಬ ಪೊಲೀಸು ಗೋಡೆಯ ಕಡೆ ನೋಡಿದ. ಇನ್ನೊಬ್ಬನ ಕಡೆ ನೋಡಿದ. ಮ್ಯಾನೇಜರ್ ಅದನ್ನು ಕಂಡ. ಓಡಿಹೋಗಿ ಮಾವನ ಟೇಪಿಗೆ ಕೈ ಹಾಕಿದ, ಹೋದ ಸಲದ ಹಾಗೆ.

ಹೋದ ಸಲದ ಹಾಗೆ ಆಗಲಿಲ್ಲ. ಮಾವ ಕತ್ತರಿಯನ್ನು ಅವನ ಅಂಗೈಯಲ್ಲಿ ಇಳಿಸಿದ. ಆ ಕಡೆಯಿಂದ ತುದಿ ಹೊರಬಂದದ್ದನ್ನು ನಾನು ನೋಡಿದೆ.

ಮ್ಯಾನೇಜರ್ ಹಸುಗೂಸಿನ ಹಾಗೆ ಕಿರುಚಿದ. ಕಪ್ಪಂಗಿಯವರು ಮಾವನನ್ನು ಒಳಗೆ ತಳ್ಳಿಕೊಂಡು ಹೋದರು. ಸಣ್ಣ ಕೋಣೆ ಅದು, ಹೊಡೆಯಲು ಕೈ ಬೀಸುವಷ್ಟೂ ಜಾಗವಿಲ್ಲ. ತಲೆ ಹಿಡಿದು ಹೊಲಿಗೆ ಮಿಷನ್ನಿನ ಕಬ್ಬಿಣದ ಚಕ್ರಕ್ಕೆ ಹೊಡೆದರು. ಚಕ್ರ ತಿರುಗಿತು. ಸೂಜಿ ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿತು. ಇನ್ನೊಮ್ಮೆ ಹೊಡೆದರು.

ನನ್ನ ಗಂಡ ಕಿಟಕಿಗೆ ಹಾರಿ ಒಳಗೆ ನುಗ್ಗಲು ನೋಡಿದ. ಒಳಗಿದ್ದವನೊಬ್ಬ ಅವನ ಬಲಗೈಯನ್ನು ಕಿಟಕಿಯ ಕಟ್ಟೆಯ ಮೇಲೆ ಅದುಮಿ ಹಿಡಿದ. ಹೊರಗಿದ್ದ ಇನ್ನೊಬ್ಬ ಇಟ್ಟಿಗೆ ಎತ್ತಿ ಆ ಕೈಯ ಮೇಲೆ ಹಾಕಿದ. ಬೆರಳುಗಳ ಸದ್ದು ನನಗೆ ಅಂಗಳದಲ್ಲಿ ಕೇಳಿಸಿತು. ನಾನು ಇಟ್ಟಿಗೆ ಹಿಡಿದವನ ಕಿವಿ ಕಚ್ಚಿ ಹಿಡಿದೆ. ಬಾಯಲ್ಲಿ ರಕ್ತ ಬಂತು, ಅವನದೋ ನನ್ನದೋ ತಿಳಿಯಲಿಲ್ಲ. ಯಾರೋ ನನ್ನ ಬೆನ್ನಿಗೆ ದೊಣ್ಣೆ ಹಾಕಿದರು.

ಎದ್ದಾಗ ಕಪ್ಪಂಗಿಯವರು ಮಾವನ ಕೋಣೆಯಿಂದ ಹೊರಗೆ ಬಂದಿದ್ದರು. ಮಾವ ಬಂದಿರಲಿಲ್ಲ. ಮ್ಯಾನೇಜರ್ ಕೈಗೆ ಬಟ್ಟೆ ಸುತ್ತಿಕೊಂಡು ಯಂತ್ರದವನ ಹತ್ತಿರ ನಿಂತಿದ್ದ.

“ಆ ತುದಿ ಗೋಡೆ ಮೊದಲು ಬೀಳಿಸು.”

“ಒಳಗೆ ಮುದುಕ ಇದ್ದಾನೆ ಸಾರ್.”

“ಇಲ್ಲ.”

“ಈಗ ತಾನೇ ನೋಡಿದೆ.”

“ಈಗ ಇಲ್ಲ ಅಂತ ಹೇಳ್ತಿದ್ದೀನಲ್ಲ ಸೂಳೆಮಗನೆ. ಬೀಳಿಸು.”

ಯಂತ್ರದವನು ನನ್ನ ಕಡೆ ನೋಡಿದ. ಆಮೇಲೆ ತನ್ನ ಮೊಣಕಾಲು ನೋಡಿಕೊಳ್ಳುತ್ತ ಹಿಡಿಕೆ ಎಳೆದ. ಗೋಡೆ ಒಂದೇಟಿಗೆ ಬೀಳಲಿಲ್ಲ. ಎಷ್ಟೋ ಹೊತ್ತು ಹೊಡೆಸಿಕೊಂಡಿತು. ಕೊನೆಗೆ ಒಡೆದಾಗ ನನ್ನ ಗಂಡ ಎಳೆದ ಬಿರುಕಿನಲ್ಲಿ ಒಡೆಯಲಿಲ್ಲ, ಬೇರೆ ಕಡೆ ಒಡೆಯಿತು. ಬಿರುಕಿದ್ದ ತುಂಡು ಹಾಗೇ ಇಡಿಯಾಗಿ ಮಾವನ ಮೇಲೆ ಮಲಗಿತು.

“ಅಪಾಯದ ಗೋಡೆ ಕುಸಿದು ಸತ್ತ,” ಎಂದು ಪೊಲೀಸರಿಗೆ ಮ್ಯಾನೇಜರ್ ಹೇಳಿದ. “ಇಂಜಿನಿಯರ್ ಮೊದಲೇ ಬರೆದಿದ್ದಾರೆ. ಇವರೂ ಭಯ ಆಗುತ್ತೆ ಅಂತ ಬಾಯಿಬಿಟ್ಟು ಹೇಳಿದ್ದಾರೆ. ಕೇಳಿಸ್ಲಾ?”

ಇಂಜಿನಿಯರ್ ತುಂಬಿಕೊಂಡದ್ದು ಮ್ಯಾನೇಜರನ ಫೋನಿಗೂ ಬಂದಿತ್ತು. ಅದರಲ್ಲಿ ನನ್ನ ದನಿ. ಯಾವಾಗ ಮೈಮೇಲೆ ಬೀಳುತ್ತೋ ಅಂತ ಜೀವ ಕೈಲಿ ಹಿಡ್ಕೊಂಡಿರ್ತೀವಿ.

*

ಮಾವನನ್ನು ಮಣ್ಣು ಮಾಡಿದ ಮೇಲೆ ನಾನೂ ನನ್ನ ಗಂಡನೂ ಅಣ್ಣನ ಮನೆಗೆ ಹೋದೆವು. ಇರುವುದಕ್ಕಲ್ಲ. ಗಂಡನ ಬಲಗೈ ಬಟ್ಟೆಯ ಉಂಡೆಯಾಗಿತ್ತು. ಸಾಮಾನಿನ ಚೀಲ ನನ್ನ ಹೆಗಲಲ್ಲಿತ್ತು. ಅತ್ತಿಗೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಅತ್ತು ಅತ್ತು ಕಣ್ಣು ಒಣಗಿದ್ದವು. ಅಣ್ಣ ಕುರ್ಚಿಯ ಮೇಲಿದ್ದ.

“ಹೇಳು ಅಣ್ಣ,” ಎಂದೆ. “ಮಾವನ್ನ ಕೊಂದೋರು ಯಾರು?”

“ಅದಕ್ಕೆ ನಾನೇನು ಮಾಡ್ಲೇ? ನಾನು ದಲ್ಲಾಳಿ. ಮಾತಾಡಿಸಿ ಬಿಡೋನು. ತಳ್ಳೋರು ಬೇರೆ.”

“ಯಾರು?”

“ಇಂಜಿನಿಯರ್ ಬರೆದ. ಬರೆಯೋದು ಅವನ ಕೆಲಸ. ಮಾಲೀಕ ಮಾರಿದ. ಬಿಲ್ಡರ್ ಕೊಂಡ. ಅವನು ಅಲ್ಲಿಗೆ ಬಂದೇ ಇಲ್ಲ. ಕಪ್ಪಂಗಿಯೋರು ದಿನಗೂಲಿ ಹುಡುಗ್ರು. ಯಂತ್ರದವನು ಹಿಡಿಕೆ ಎಳೆದ. ಯಾರು ಅಂತ ಹೇಳ್ಲಿ?”

“ಹಾಗಾದ್ರೆ ಯಾರೂ ಇಲ್ಲ.”

“ಗೋಡೆ,” ಎಂದ ಅಣ್ಣ. “ಗೋಡೆ ಬಿತ್ತು. ಆಗ್ಹೋಯ್ತು. ಈಗ ಬದುಕಿರೋರ ಮಾತಾಡೋಣ. ಅಲ್ಲೇ ಹೊಸ ಕಟ್ಟಡ ಏಳುತ್ತೆ. ಮೇಸ್ತ್ರಿಗೆ ಅಲ್ಲೇ ಗಾರೆ ಕೆಲಸ ಕೊಡಿಸ್ತೀನಿ, ಕೈ ವಾಸಿ ಆಗ್ಲಿ. ಇರೋಕೆ ಶೆಡ್ಡು ಕೊಡ್ತಾರೆ. ಬಿಲ್ಡರ್ ಹತ್ರ ಮಾತಾಡಿದ್ದೀನಿ.”

ಅತ್ತಿಗೆ ಮೊದಲ ಸಲ ತಲೆ ಎತ್ತಿದಳು. ಅವಳ ದನಿ ತಣ್ಣಗಿತ್ತು.

“ಅವತ್ತು ಬೆಳಿಗ್ಗೆ ನನ್ನ ಒಳಗೆ ಹಾಕಿ ಹೊರಗಿಂದ ಬೀಗ ಯಾಕೆ ಹಾಕಿದ್ರಿ?”

ಅಣ್ಣ ಸೊಂಟದ ಕೀಲಿಗೊಂಚಲು ಮುಟ್ಟಿಕೊಂಡ.

“ಮರೆತು ಹಾಕ್ಕೊಂಡು ಹೋದ್ರೇನೋ ಅಂದ್ಕೊಂಡಿದ್ದೆ. ಕಿಟಕಿ ಹತ್ರ ನಿಂತು ಹಾಲಿನೋನನ್ನ ಕೂಗಿ ನಗಾಡಿದ್ದೆ, ನಮ್ಮನೆಯೋರಿಗೆ ಬೀಗ ಹಾಕೋದೇ ಅಭ್ಯಾಸ ಆಗ್ಹೋಗಿದೆ ಅಂತ. ಅಲ್ಲಿ ನಮ್ಮಪ್ಪನ ತಲೆ ಮಿಷನ್ನಿಗೆ ಹೊಡೀತಿದ್ರು. ನೀವು ಬೀಗ ಹಾಕಿದ್ರಿ. ಅಂದ್ಮೇಲೆ ನಿಮಗೆ ಗೊತ್ತಿತ್ತು. ಮೊದಲಿಂದಾನೇ ಗೊತ್ತಿತ್ತು.”

“ಗೊತ್ತಿದ್ರೆ ಏನೇ ಈಗ? ಈ ಮನೆ ಎಲ್ಲಿಂದ ಬಂತು ಅಂದ್ಕೊಂಡಿದ್ದೀಯ? ಮೈಮೇಲಿರೋ ಸೀರೆ ಎಲ್ಲಿಂದ ಬಂತು? ನಿಮ್ಮಪ್ಪ ಹೊಲಿದು ಕಳ್ಸಿದ್ನಾ?”

ಅತ್ತಿಗೆ ಎದ್ದಳು. ನನ್ನ ಹೆಗಲಿನ ಚೀಲದೊಳಗೆ ಕೈ ಹಾಕಿದಳು. ಉಳಿ ತೆಗೆದಳು, ಸುತ್ತಿಗೆ ತೆಗೆದಳು. ಕಿಟಕಿಯ ಹತ್ತಿರ ಹೋಗಿ, ನನ್ನ ಗಂಡ ಕನ್ನಡಿಯ ಹಾಗೆ ನುಣ್ಣಗೆ ಮಾಡಿಕೊಟ್ಟ ಆ ಗೋಡೆಯ ಮೂಲೆಗೆ ಉಳಿ ಇಟ್ಟು ಹೊಡೆದಳು. ಗಾರೆ ಚಕ್ಕೆ ಎದ್ದು ಅವಳ ಮುಖಕ್ಕೆ ಬಂತು. ಮತ್ತೆ ಹೊಡೆದಳು. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿತು ಬಿರುಕು. ಮಾವನ ಮನೆಯ ಅಡುಗೆ ಕಟ್ಟೆಗೆ ಗಾರೆ ಹಾಕುವಾಗ, ಎಳೆ ವಯಸ್ಸಿನಲ್ಲಿ, ಅವಳೂ ಕೈ ಜೋಡಿಸಿದವಳು.

“ತಲೆ ಕೆಟ್ಟಿದೆಯೇನೇ ನಿಂಗೆ, ಬಿಡು ಉಳಿ.” ಅಣ್ಣ ಹಾರಿಬಂದು ಅವಳ ಜುಟ್ಟು ಹಿಡಿದ. ಅವಳು ಬಿಡಲಿಲ್ಲ. ಅವನು ಅವಳ ತಲೆಯನ್ನು ಅದೇ ಗೋಡೆಗೆ ಹೊಡೆದ. ಹಣೆ ಒಡೆಯಿತು. ಇನ್ನೊಮ್ಮೆ ಹೊಡೆಯಲು ಅವನ ಕೈ ಹಿಂದೆ ಹೋಗುವಷ್ಟರಲ್ಲಿ ಚೀಲದ ಕರಣೆ ನನ್ನ ಕೈಯಲ್ಲಿತ್ತು. ಅದರ ಅಂಚಿನಿಂದ ಅವನ ಮೊಣಕೈಗೆ ಹೊಡೆದೆ. ಮೂಳೆಗೆ ತಾಗಿತು. ಅವನು ಜುಟ್ಟು ಬಿಟ್ಟು ಕೂತ. ಇನ್ನೊಂದು ಹೊಡೆಯಬೇಕೆಂದು ಎತ್ತಿದೆ. ಅಮ್ಮ ಬಡಿಸಿದ್ದನ್ನು ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡ ಅಣ್ಣನ ಮುಖವೇ ಅದು. ಅದಕ್ಕೇ ಹೊಡೆದೆ. ಹಲ್ಲು ಮುರಿಯಿತು.

ನನ್ನ ಗಂಡ ಬಾಗಿಲಲ್ಲಿ ನಿಂತೇ ಇದ್ದ. ತಡೆಯಲಿಲ್ಲ.

ಅತ್ತಿಗೆ ಉಳಿ ಸುತ್ತಿಗೆಗಳನ್ನು ಸೆರಗಿನಿಂದ ಒರೆಸಿ ನನ್ನ ಚೀಲಕ್ಕೆ ಹಾಕಿದಳು. ಹಣೆಯ ರಕ್ತ ಹುಬ್ಬು ದಾಟಿ ಇಳಿಯುತ್ತಿತ್ತು. ಅಂಗೈಯಲ್ಲಿ ಒರೆಸಿಕೊಂಡು, ಬಾಗಿಲನ್ನು ಎಳೆದು ಅದರ ಹೊರಮೈ ಮೇಲೆ ಆ ರಕ್ತದ ಕೈಯಿಂದಲೇ ಅಡ್ಡ ಎರಡು ಗೀಟು ಎಳೆದಳು. ಚಪ್ಪಲಿ ಮೆಟ್ಟಿಕೊಳ್ಳಲಿಲ್ಲ. ಮೆಟ್ಟಿಲಿಳಿದು ರಸ್ತೆಗೆ ನಡೆದಳು.

“ಎಲ್ಲಿಗೆ ಹೋಗ್ತಾಳೆ?” ಎಂದ ಅಣ್ಣ, ಬಾಯಿಗೆ ಕೈ ಒತ್ತಿಕೊಂಡು. “ಹೋಗೋಕೆ ಅಪ್ಪನ ಮನೆ ಇದೆಯಾ ಅವಳಿಗೆ? ಸಂಜೆ ಹೊತ್ತಿಗೆ ಬರ್ತಾಳೆ.” ಆಮೇಲೆ ನನ್ನ ಗಂಡನಿಗೆ, “ಮೇಸ್ತ್ರಿ, ಅಷ್ಟರಲ್ಲಿ ಆ ಬಿರುಕು ಮುಚ್ಚಿಬಿಡು. ಜನ ಬಂದು ಹೋಗೋ ಮನೆ.”

ನನ್ನ ಗಂಡ ಬಟ್ಟೆಯ ಉಂಡೆಯಾದ ಕೈಯನ್ನು ಅವನ ಮುಖದ ಮುಂದೆ ಹಿಡಿದ.

“ಹೊಲಿಯೋರು ಯಾರೂ ಉಳಿದಿಲ್ಲ ಭಾವ.”

ನಾವು ಹೊರಗೆ ಬಂದಾಗ ರಸ್ತೆಯ ತುದಿಯವರೆಗೂ ನೋಡಿದೆವು. ಅತ್ತಿಗೆ ಕಾಣಿಸಲಿಲ್ಲ. ಸಂಜೆಗೂ ಬರಲಿಲ್ಲ. ಆಮೇಲೂ ಬರಲಿಲ್ಲ. ಊರಿನ ಬಾಗಿಲುಗಳ ಕೀಲಿಗಳನ್ನೆಲ್ಲ ಸೊಂಟದಲ್ಲಿ ಇಟ್ಟುಕೊಂಡವನು ತನ್ನ ಬಾಗಿಲಿಗೆ ಮಾತ್ರ ಈಗ ಬೀಗ ಹಾಕುವುದಿಲ್ಲವಂತೆ. ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ್ದಾನೆ. ಮಳೆ ಬಂದಾಗ ಗೀಟು ಎದ್ದು ಕಾಣುತ್ತದೆ.